ವಿಷಯ: ನಮ್ಮಪ್ಪನ ಬಗ್ಗೆ ಮಾಹಿತಿ ಕೋರಿ

ಮದಕರಿಪುರ
14 ಜುಲೈ 2025

ಗೆ,
ಶ್ರೀಮತಿ ಮಮತಾ ಅವರು,
ಬಬ್ಬೂರು, ಹಿರಿಯೂರು ತಾಲ್ಲೂಕು.

ಮಾನ್ಯ ಅಕ್ಕನವರೇ,

ವಿಷಯ: ಚಿತ್ರಲಿಂಗಪ್ಪ ಎಂಬ ನಮ್ಮ ತಂದೆಯವರು ಇದ್ದಾರೋ ಇಲ್ಲವೋ ಎಂಬುದನ್ನು ಮಹಾಲಯ ಅಮಾವಾಸ್ಯೆಯೊಳಗೆ ಇತ್ಯರ್ಥಪಡಿಸುವ ಕುರಿತು.
ಉಲ್ಲೇಖ: ದೊಡ್ಡಪ್ಪನ ಬಾಯಿ, ಅವ್ವನ ಮೌನ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನೆ ಭಾನುವಾರ ದೊಡ್ಡಪ್ಪ ದಾಸಣ್ಣನವರು ನಮ್ಮ ಮನೆಗೆ ದಯಮಾಡಿಸಿ, ಮುದ್ದೆ ಉಂಡು, ಇನ್ನೊಂದಕ್ಕೆ ಕಾಯುತ್ತಾ ಅವ್ವನಿಗೆ ಬುದ್ಧಿ ಹೇಳಿದರು.

"ಏಳು ವರ್ಷ ಆತು ಕಾಳಕ್ಕ. ಈ ಸಲನಾದ್ರೂ ಹಿರಿಯರ ಹಬ್ಬದಾಗೆ ಅವನಿಗೂ ಒಂದು ಎಡೆ ಇಡು. ಎಡೆ ಇಲ್ದೋನು ಹಸ್ಕೊಂಡು ಅಲೀತಾನೆ."

"ಬದುಕಿರೋನಿಗೆ ಎಡೆ ಇಟ್ರೆ ಅವನ ಆಯಸ್ಸು ನಾನೇ ತಿಂದಂಗೆ ಅಲ್ವೇನು ಭಾವ?"

"ಸತ್ತಿದ್ರೆ?"

ಅವ್ವ ಮುದ್ದೆ ತರಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ದೊಡ್ಡಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದರು.

ಪ್ರಕರಣದ ತಿರುಳು ಇಷ್ಟೇ. ಅಪ್ಪ ಸತ್ತಿದ್ದರೆ ಎಡೆ ಸಿಗದೆ ಅಲೆಯುತ್ತಿದ್ದಾನೆ. ಬದುಕಿದ್ದರೆ ಅವ್ವ ಇಡುವ ಎಡೆಯೇ ಅವನನ್ನು ಕೊಲ್ಲುತ್ತದೆ. ಪ್ರತಿ ವರ್ಷ ಅವಳು ತಾತ, ಅಜ್ಜಿ, ಚಿಕ್ಕಜ್ಜಿಗೆ ಎಲೆ ಹಾಕಿ, ಆ ಮೇಲೆ ಇನ್ನೊಂದು ಎಲೆ ಕೈಯಲ್ಲಿ ಹಿಡಿದು ನಿಂತುಕೊಳ್ಳುತ್ತಾಳೆ. ನೀನೂ ನೋಡಿದ್ದೀಯ.

ಹೊಳಲ್ಕೆರೆ ಹತ್ತಿರದ ಕುರಿಮಂದೆಯಲ್ಲಿ ಜೊತೆಗಾರ ಕಾಟಯ್ಯನಿಗೆ ಕುರಿ ಒಪ್ಪಿಸಿ, "ಸಂಜೀಗ್ ಬತ್ತೀನಿ" ಎಂದು ಎದ್ದು ಹೋದವನು ಅಪ್ಪ. ನಾವು ಪೊಲೀಸರಿಗೆ ದೂರು ಕೊಟ್ಟದ್ದು ಆರು ತಿಂಗಳಾದ ಮೇಲೆ. ಊರಿನವರ ಪ್ರಕಾರ ಕುರಿಗಾರ ಆರು ತಿಂಗಳು ಮನೆಗೆ ಬರದಿದ್ದರೆ ಅದಕ್ಕೆ ಕಾಣೆಯಾಗುವುದು ಎನ್ನುವುದಿಲ್ಲ, ಕುರಿ ಕಾಯುವುದು ಎನ್ನುತ್ತಾರೆ. ಪೊಲೀಸರು ಬಂದು "ಯಾವಾಗಿನಿಂದ ಕಾಣ್ತಿಲ್ಲ?" ಎಂದಾಗ ಅವ್ವ "ಮುಂಗಾರಿಂದ" ಎಂದಳು. ಅದು ಸಂಕ್ರಾಂತಿಯ ವಾರ.

ಆದ್ದರಿಂದ ನಾನು ಮಾಹಿತಿ ಹಕ್ಕಿನಡಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಊರಿನ ನಗರಸಭೆ-ಪುರಸಭೆ ಕಚೇರಿಗಳಿಗೆ ಅರ್ಜಿ ಹಾಕಿದ್ದೇನೆ. ಅಪ್ಪ ಹೋದ ವರ್ಷ ವಾರಸುದಾರರಿಲ್ಲವೆಂದು ಕಚೇರಿಯವರೇ ಮಣ್ಣು ಮಾಡಿದ ಗಂಡಸರ ವಿವರ, ಮೈಮೇಲಿದ್ದ ಬಟ್ಟೆ, ಗುರುತು ಕೇಳಿದ್ದೇನೆ. ದಿನವಿಡೀ ಚಿತ್ರದುರ್ಗದ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಕಂಡವರ ಅರ್ಜಿ ಟೈಪು ಮಾಡುವವನು, ಸ್ವಂತಕ್ಕೆ ಒಂದನ್ನು ಬರೆದದ್ದು ಇದೇ ಮೊದಲು.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುವೆ. ನಿಮ್ಮತ್ತೆ ದ್ಯಾಮಮ್ಮನವರು ಫೋನನ್ನು ಸ್ಪೀಕರಿಗೆ ಹಾಕಿ ಬೀದಿಯವರಿಂದ ತೀರ್ಪು ಪಡೆಯುವವರು. ಇಲ್ಲಿ ನಾನು ಫೋನ್ ಕಿವಿಗಿಟ್ಟರೆ ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸುತ್ತಾಳೆ. ಅವಳಿಗೆ ಈಗಲೇ ಗೊತ್ತಾಗುವುದು ಬೇಡ. ಅದಕ್ಕೇ ನೀನು ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರದ ವಿಳಾಸಕ್ಕೆ ಅಂಚೆ.

ಹೆಚ್ಚುವರಿ ಅಂಶ: ದೀಪ ಹಚ್ಚುವ ಹೊತ್ತಿಗೆ ಖಾಲಿ ಕುರಿಹಟ್ಟಿಯ ಗೋಡೆಯಾಚೆ ಯಾರೋ ಕೆಮ್ಮುತ್ತಾರೆ ಎಂದು ಅವ್ವ ಹೇಳುತ್ತಲೇ ಇದ್ದಳಲ್ಲ. ಈಗ ನನಗೂ ಕೇಳಿಸಿದೆ. ನಾನು ಗೋಡೆ ಹತ್ತಿ "ತಮ್ಮ ಅಹವಾಲನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು" ಎಂದೆ. ಆಚೆ ಯಾರೂ ಇರಲಿಲ್ಲ. ಆದರೆ ನಮ್ಮ ಕರಿಯ ಆ ಮೂಲೆಯ ಕಡೆ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ಅಪ್ಪ ಹೋದಾಗ ಆ ನಾಯಿ ಹುಟ್ಟಿಯೂ ಇರಲಿಲ್ಲ.

ತಮ್ಮ ವಿಶ್ವಾಸಿ
(ವಿಶ್ವಾಸದ ದೃಢೀಕರಣ ಪತ್ರ ಲಗತ್ತಿಸಿಲ್ಲ),
ಮಾರುತೇಶ್


ಬಬ್ಬೂರು
26 ಜುಲೈ 2025

ಲೇ ಮಾರುತೇಶ,

ನಿನ್ನ ಲಕೋಟೆ ನೋಡಿ ನಮ್ಮ ಗೇಟಿನವರು ಕೋರ್ಟಿನ ನೋಟೀಸು ಎಂದುಕೊಂಡರು. ಸಸಿಮಡಿಯಲ್ಲಿ ಕಳೆ ಕೀಳುತ್ತಿದ್ದವಳನ್ನು ಕರೆಸಿ, ಕನಿಕರದ ಮುಖ ಮಾಡಿಕೊಂಡು ಕೈಗೆ ಕೊಟ್ಟರು. ಮುಂದಿನ ಸಲ ಬರೀ "ಮಮತಾಗೆ" ಎಂದು ಬರಿ.

ನೀನು ಹೆದರಿದಾಗ ತಮಾಷೆ ಜಾಸ್ತಿ ಮಾಡುತ್ತೀಯ. ಪತ್ರ ಉದ್ದಕ್ಕೂ ತಮಾಷೆಯೇ ಇತ್ತು.

ಗುರುತು ಕೇಳಿದರೆ ಕಂಬಳಿಯದ್ದು ಹೇಳು. ಅಪ್ಪನ ಕರಿ ಕಂಬಳಿಗೆ ಉಣ್ಣೆ ನೂತವಳು ಅವ್ವ. ಮಂದೆಯಲ್ಲಿ ಎಲ್ಲರ ಕಂಬಳಿಯೂ ಒಂದೇ ಥರ ಕಾಣುತ್ತದೆಂದು ಒಂದು ಮೂಲೆಗೆ ಕೆಂಪು ನೂಲಿನಲ್ಲಿ ಕೋಳಿಹೆಜ್ಜೆ ಹೊಲಿದಿದ್ದಳು. "ಇದೇನೇ, ನನ್ನ ಮ್ಯಾಲೆ ಕೋಳಿ ಓಡಾಡಿಸಿದೀಯ" ಎಂದು ಅಪ್ಪ ನಗುತ್ತಿದ್ದ. ಆಗ ನೀನು ಚಿಕ್ಕವನು, ನಿನಗೆ ನೆನಪಿರಲಿಕ್ಕಿಲ್ಲ. ಕುರಿಗಾರ ಮೈಮೇಲಿನ ಅಂಗಿ ಬಿಟ್ಟಾನು, ಕಂಬಳಿ ಬಿಡುವುದಿಲ್ಲ. ಅದು ಎಲ್ಲಿದೆಯೋ ಅಪ್ಪನೂ ಅಲ್ಲೇ.

ಒಂದು ಮಾತು ಕೇಳಲಾ? ಉತ್ತರ ಬರದಿದ್ದರೆ ಚೆನ್ನಾಗಿತ್ತು ಎಂದು ನಿನಗೂ ಅನ್ನಿಸುತ್ತದೆಯೇ?

ಕೆಮ್ಮು ಕೇಳಿದರೆ ಮಾತಾಡಿಸಬೇಡ. ತಮಾಷೆಗೂ ಬೇಡ.

ಮಮತಾ


ಚಿತ್ರದುರ್ಗ
21 ಆಗಸ್ಟ್ 2025

ಮಮತಾಗೆ (ಆದೇಶದಂತೆ),

ಹೊಸದುರ್ಗದಿಂದ ಬಂದ ಉತ್ತರ: "ಇರುವುದಿಲ್ಲ." ಅಷ್ಟು ಚೆಂದದ ಸರ್ಕಾರಿ ವಾಕ್ಯವನ್ನು ನಾನು ಈವರೆಗೆ ಓದಿಲ್ಲ. ಹಿರಿಯೂರಿನ ಪಟ್ಟಿಯಲ್ಲಿದ್ದವರು ಮುದುಕರು, ಹೊಳಲ್ಕೆರೆಯಲ್ಲಿ ಇದ್ದದ್ದು ಒಬ್ಬ ಹುಡುಗ. ಮೂರೂ ಉತ್ತರ ಜೇಬಲ್ಲಿಟ್ಟುಕೊಂಡು ಎರಡು ಪ್ಲೇಟು ಮಂಡಕ್ಕಿ ಒಗ್ಗರಣೆ ತಿಂದೆ. ಚಿತ್ರದುರ್ಗದವರು ಮಾತ್ರ "ಕಚೇರಿ ವೇಳೆಯಲ್ಲಿ ಬಂದು ದಾಖಲೆ ಪರಿಶೀಲಿಸಬಹುದು" ಎಂದು ಬರೆದಿದ್ದರು. ಮೊನ್ನೆ ಹೋದೆ.

ಆರೋಗ್ಯ ಶಾಖೆಯಲ್ಲಿ ಬರಗೇರಮ್ಮ ಎನ್ನುವವರು. ಅವ್ವನ ವಯಸ್ಸು, ಕನ್ನಡಕ ಹಣೆಯ ಮೇಲೆ. ನನ್ನ ಅರ್ಜಿ ಅವರ ಮುಂದಿತ್ತು.

"ಇದು ಬರೆದೋನು ನೀನೇ ಏನಪ್ಪ? 'ಪೂಜ್ಯ ತಂದೆಯವರು ಜೀವಂತವಿದ್ದಲ್ಲಿ ಈ ಅರ್ಜಿಯನ್ನು ರದ್ದೆಂದು ಭಾವಿಸತಕ್ಕದ್ದು' ಅಂತ. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ ನಮಗೆ."

"ಎರಡನ್ನೂ ಮಾಡಿ ಒಂದು ನಕಲು ನನಗೆ ಕೊಡ್ರಿ ಮೇಡಂ."

"ಕುಂತ್ಕೊ. ಬಾಯಿ ಜೋರು ಐತೆ ನಿಂದು."

ರಿಜಿಸ್ಟರು ತೆರೆದು ನನ್ನ ಕಡೆ ತಿರುಗಿಸಿದರು. ಅಕ್ಕ, ನಾನು ದಿನಕ್ಕೆ ಹತ್ತಾರು ನಮೂನೆ ತುಂಬುತ್ತೇನೆ. ಹೆಸರು ಬರೆಯದೆ ಯಾವ ನಮೂನೆಯೂ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ಪುಟದ ತುಂಬ ಮನುಷ್ಯರಿದ್ದರು, ಹೆಸರಿನ ಕಾಲಂ ಮಾತ್ರ ಮೇಲಿನಿಂದ ಕೆಳಗಿನವರೆಗೆ ಬೆಳ್ಳಗಿತ್ತು. ಪಕ್ಕದಲ್ಲಿ ಅಂಗಿಯ ಬಣ್ಣ, ಹಲ್ಲು, ಮಚ್ಚೆ. ಒಬ್ಬನ ಮುಂದೆ "ಕಿಸೆಯಲ್ಲಿ ಕಡಲೆಕಾಯಿ" ಎಂದಷ್ಟೇ ಇತ್ತು.

ಅಕ್ಟೋಬರಿನ ಪುಟದಲ್ಲಿ: ಗಂಡು, ಸುಮಾರು ನಲವತ್ತೈದು, ಬಸ್ ನಿಲ್ದಾಣದ ಬಳಿ, ಜ್ವರದಿಂದ ಸತ್ತಂತಿದೆ. ಕಪ್ಪು ಕಂಬಳಿ. ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ, ಹಕ್ಕಿಯ ಪಾದದ ಆಕಾರ.

ನಾನು ಅದನ್ನು ಓದಿ ಬರಗೇರಮ್ಮನವರಿಗೆ "ಇದು ಕೋಳಿದು ಮೇಡಂ, ಹಕ್ಕಿದಲ್ಲ. ತಿದ್ದುಪಡಿ ಆಗಬೇಕು" ಎಂದೆ. ಅವರು ಎದ್ದು ನೀರು ತಂದುಕೊಟ್ಟರು.

ಠಾಣೆಗೂ ಹೋಗಿ ಬಂದೆ. ಫೋಟೊ ಇದೆ. ಮುಖ ಊದಿಹೋಗಿದೆ, ಯಾರಪ್ಪನಾದರೂ ಆಗಬಹುದು. ಹೂತದ್ದು ಊರಾಚೆಯ ಸ್ಮಶಾನದ ಗೋಡೆ ಪಕ್ಕ. ಅವ್ವ ಬಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದರೆ, ಠಾಣೆಯಿಂದ ಪತ್ರ ಬಂದ ಮೇಲೆ ಹೆಸರಿನ ಕಾಲಮ್ಮಿನಲ್ಲಿ ಅಪ್ಪನ ಹೆಸರು ಬರೆಯುತ್ತಾರಂತೆ.

ಇವತ್ತು ಸಂಜೆ ಅವ್ವನಿಗೆ ಹೇಳಬೇಕು. ಯಾವ ನಮೂನೆಯಲ್ಲಿ ಹೇಳುವುದು ಎಂದು ತಿಳಿಯದೆ ಅಂಗಡಿಯಲ್ಲೇ ಕೂತಿದ್ದೇನೆ.

ಮಾರುತೇಶ್


ಬಬ್ಬೂರು
28 ಆಗಸ್ಟ್ 2025

ಮಾರುತೇಶ,

ಪತ್ರ ಓದಿದ ಮೇಲೆ ಸಸಿಮಡಿಗೆ ಹೋಗಿ, ಕಳೆ ಯಾವುದು ಸಸಿ ಯಾವುದು ತಿಳಿಯದೆ ಒಂದು ಸಾಲು ಟೊಮೆಟೊ ಸಸಿಯನ್ನೇ ಕಿತ್ತುಹಾಕಿದೆ. ಬೈಸಿಕೊಂಡೆ. ಬೈಸಿಕೊಂಡದ್ದೇ ಒಳ್ಳೆಯದಾಯಿತು, ಅಳುವುದಕ್ಕೆ ಒಂದು ಕಾರಣ ಸಿಕ್ಕಿತು.

ಏಳು ವರ್ಷ ನಾವು ಅದೇ ಬಸ್ ನಿಲ್ದಾಣದಲ್ಲಿ ಹತ್ತಿ ಇಳಿದಿದ್ದೇವೆ.

ಅವ್ವ ಏನೆಂದಳು? ಅದನ್ನು ನೀನು ಬರೆಯಲೇ ಇಲ್ಲ. ಅಮಾವಾಸ್ಯೆಗೆ ನನ್ನನ್ನು ಕಳಿಸುವುದಿಲ್ಲ ಎಂದು ಅತ್ತೆ ಹೇಳಿದ್ದಾರೆ, ಇಲ್ಲಿಯೂ ಅದೇ ದಿನ ಹಬ್ಬ. ಅಪ್ಪನಿಗೆ ಕೋಳಿಗಿಂತ ಮೀನು ಇಷ್ಟ ಎಂದು ಅವ್ವನಿಗೆ ನೆನಪು ಮಾಡು. ಅವಳು ಮರೆತಿರುವುದಿಲ್ಲ, ಆದರೂ ಮಾಡು.

ಮಮತಾ


ಮದಕರಿಪುರ
23 ಸೆಪ್ಟೆಂಬರ್ 2025

ಅಕ್ಕ,

ವರದಿ ಸಲ್ಲಿಸುತ್ತಿದ್ದೇನೆ. ಎಡೆ ಇಟ್ಟಾಯಿತು.

ಅವ್ವ ಮೀನು ತರಿಸಿದಳು. ಹೊಸ ಪಂಚೆ, ಟವಲು, ಬೀಡಿಕಟ್ಟು ಇಟ್ಟಳು. ಎಲೆ ಹಾಕುವಾಗ ಕೈ ಗಟ್ಟಿಯಾಗಿಯೇ ಇತ್ತು. ಆ ದಿನ ನಾನು ವಿಷಯ ಹೇಳಿದಾಗಲೂ ಹಾಗೆಯೇ. "ಕಂಬಳಿ ಹೊದ್ದಿದ್ನಾ?" ಎಂದಳು. ಹೂಂ ಎಂದೆ. "ಸದ್ಯ, ಚಳೀಲಿ ಹೋಗ್ಲಿಲ್ಲ" ಎಂದು ಮಾಡುತ್ತಿದ್ದ ಕೆಲಸ ಮುಂದುವರಿಸಿದಳು. ಅದಕ್ಕೇ ನಿನಗೆ ಬರೆಯಲಿಲ್ಲ. ಬರೆಯುವುದಕ್ಕೆ ಅಷ್ಟೇ ಇತ್ತು.

ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತೆವು. ಆಮೇಲೆ ಎಡೆಗಳನ್ನು ಮಾಳಿಗೆಯ ಮೇಲೆ ಕಾಗೆಗೆ ಇಟ್ಟೆ. ತಾತನ ಎಲೆಗೆ ಬಂದವು. ಅಜ್ಜಿಯ ಎಲೆಗೆ ಜಗಳವಾಡಿಕೊಂಡು ಬಂದವು. ಅಪ್ಪನ ಎಲೆಯ ಹತ್ತಿರಕ್ಕೆ ಒಂದು ಕಾಗೆ ನಡೆದು ಬಂದು, ಮೀನನ್ನು ಒಂದು ಕಣ್ಣಿನಿಂದ ನೋಡಿ, ಇನ್ನೊಂದು ಕಣ್ಣಿನಿಂದಲೂ ನೋಡಿ, ಹಿಂದಕ್ಕೆ ನಡೆದುಹೋಯಿತು. ನಾನು ಕೈ ಮುಗಿದು "ಕಾಗಾರಾಯರೇ, ಕಡತ ಎಲ್ಲಾ ಸರಿ ಇದೆ, ದಯವಿಟ್ಟು ಮಂಜೂರು ಮಾಡಿ" ಎಂದೆ. ದೊಡ್ಡಪ್ಪ ನನ್ನ ತಲೆಗೆ ಮೊಟಕಿದರು. ಬಿಸಿಲು ಇಳಿಯುವ ತನಕ ಕಾದೆವು. ಯಾರೂ ಮುಟ್ಟಲಿಲ್ಲ.

"ಮುನಿಸ್ಕೊಂಡವನೆ. ಏಳು ವರ್ಷ ಉಪಾಸ ಕೆಡವಿದೀರಲ್ಲ" ಎಂದರು ದೊಡ್ಡಪ್ಪ.

ಅವ್ವ ಎಲೆ ಎತ್ತಿ ತಂದು, ತಣ್ಣಗಾದ ಮೀನಿನ ಸಮೇತ ಕುರಿಹಟ್ಟಿಯ ಗೋಡೆಯ ಮೇಲೆ ಇಟ್ಟಳು. ದೀಪ ಹಚ್ಚುವ ಹೊತ್ತಿಗೆ ಎಲೆ ಖಾಲಿಯಾಗಿತ್ತು. ಕರಿಯ ನನ್ನ ಕಾಲ ಬಳಿಯೇ ಇತ್ತು, ಬಾಯಿ ಮೂಸಿ ನೋಡಿದೆ, ಮೀನಿನ ವಾಸನೆ ಇರಲಿಲ್ಲ. ಬೆಕ್ಕು ಇರಬೇಕು. ಬೆಕ್ಕು ಎಂದೇ ದಾಖಲಿಸಿಕೊಳ್ಳತಕ್ಕದ್ದು.

ಹೇಳಿಕೆಗೆ ಅವ್ವನನ್ನು ಕರೆದಿದ್ದಾರೆ, ಅಕ್ಟೋಬರ್ ಕೊನೆಯ ವಾರ.

ಮಾರುತೇಶ್


ಬಬ್ಬೂರು
12 ಅಕ್ಟೋಬರ್ 2025

ಮಾರುತೇಶ,

ಇದನ್ನು ಓದಿ ಹರಿದುಹಾಕು.

ಮೆಕ್ಕೆಜೋಳ ಕಟಾವಾದ ಹೊಲಗಳಿಗೆ ಮಂದೆಗಳು ಬಂದಿವೆ. ನಿನ್ನೆ ಕೆಲಸ ಮುಗಿಸಿ ಬರುವಾಗ ಒಬ್ಬರು ಕೂಗಿದರು. ಕಾಟಯ್ಯ ಮಾವ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಅಪ್ಪನ ವಿಷಯ ಹೇಳಿದೆ. ಟವಲು ಬಾಯಿಗೆ ಒತ್ತಿಕೊಂಡು ಅತ್ತರು. ಕಂಬಳಿಯಿಂದ ಗುರುತು ಸಿಕ್ಕಿತು ಎಂದೆ. ಅಳು ನಿಲ್ಲಿಸಿದರು.

"ಯಾವ ಕಂಬಳಿ?"

"ಕೋಳಿಹೆಜ್ಜೆದು ಮಾವ, ಅವ್ವ ಹೊಲಿದಿದ್ದು."

"ಅದು ಆವತ್ತು ನಿಮ್ಮಪ್ಪನ ಮೈಮ್ಯಾಗೆ ಇರ್ಲಿಲ್ಲ ಕಣವ್ವ."

ಅಪ್ಪ ಹೋಗುವುದಕ್ಕೆ ವಾರದ ಹಿಂದೆ ಮಂದೆಯ ಹತ್ತಿರ ಯಾವನೋ ಒಬ್ಬ ಜ್ವರದಲ್ಲಿ ಬಿದ್ದಿದ್ದನಂತೆ. ತೆಲುಗು ಬೆರೆಸಿ ಮಾತಾಡುತ್ತಿದ್ದ, ಊರು ಕೇಳಿದರೆ ಕೈ ಮೇಲಕ್ಕೆ ಎತ್ತಿ ತೋರಿಸುತ್ತಿದ್ದನಂತೆ. ಅಪ್ಪ ತನ್ನ ಕಂಬಳಿ ಹೊದಿಸಿ, ಗಂಜಿ ಕುಡಿಸಿದ. ಮೂರನೇ ದಿನ ಆ ಮನುಷ್ಯ ಎದ್ದು ಕಂಬಳಿ ಸಮೇತ ಹೊರಟ. "ಲೇ, ಕಂಬಳಿ ಇಸ್ಕೊಳ್ಳೋ" ಎಂದು ಕಾಟಯ್ಯ ಮಾವ ಕೂಗಿದ್ದಕ್ಕೆ ಅಪ್ಪ, "ಕಾಯಿಲೆಯೋನಿಗೆ ಹೊದಿಸಿದ್ದು ತಿರುಗಿ ಕೇಳೋದುಂಟೇನೋ" ಎಂದನಂತೆ. ಅದು ನಮ್ಮವರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅದು ಹೊಳೆಯದೆ ಹೋದದ್ದು ನನಗೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕಂಬಳಿ ಬಗ್ಗೆ ಯಾರು ಕೇಳಿದ್ರವ್ವ ನನ್ನ? ಎಲ್ರೂ ಚಿತ್ರಲಿಂಗನ್ನ ಕೇಳಿದ್ರು" ಎಂದರು.

ನಾವು ಹುಡುಕಿದಾಗ ಮಣ್ಣಿನಲ್ಲಿ ಸಿಕ್ಕವನು ಅಪ್ಪನಲ್ಲ. ಅಪ್ಪ ಎಲ್ಲಿದ್ದಾನೋ ಮತ್ತೆ ಗೊತ್ತಿಲ್ಲ.

ಅವ್ವನಿಗೆ ಹೇಳಬೇಡ. ಅವಳು ಒಂದು ಸಲ ಎಲೆ ಹಾಕಿದ್ದಾಳೆ, ಮತ್ತೆ ಎಲೆ ಹಿಡಿದು ನಿಲ್ಲುವುದನ್ನು ನನ್ನಿಂದ ನೋಡಲಾಗದು. ಹೆಬ್ಬೆಟ್ಟು ಒತ್ತಲಿ, ಕಾಗದ ಬರಲಿ, ಮುಗಿಯಲಿ.

ಮಮತಾ


ಮದಕರಿಪುರ
17 ಅಕ್ಟೋಬರ್ 2025

ಅಕ್ಕ,

ಹರಿದುಹಾಕಿದೆ. ಹೇಳುವುದಿಲ್ಲ ಎಂದು ಒಪ್ಪಿದ್ದೇನೆ.

ಆದರೆ ಬದುಕಿದ್ದರೆ? ನಾವು ಬದುಕಿರುವವನಿಗೆ ಎಡೆ ಇಟ್ಟಂತಾಗಲಿಲ್ಲವೇ? ಇನ್ನು ಸರ್ಕಾರದ ಕೈಯಲ್ಲೂ ಇಡಿಸಲು ಹೊರಟಿದ್ದೇವೆ.

ಸುಳ್ಳು ಹೇಳುವುದು ನನಗೆ ಹೊಸದಲ್ಲ, ಊರಿಗೆಲ್ಲ ಗೊತ್ತು. ಮುಖ ಗಂಟು ಹಾಕಿಕೊಂಡು ಹೇಳಿದ ಸುಳ್ಳಿಗೆ ಆಮೇಲೆ ಎಲ್ಲರೂ ನಗುತ್ತಾರೆ, ಅಲ್ಲಿಗೆ ಅದು ತೀರುತ್ತದೆ. ಇದು ತೀರುವುದು ಯಾವಾಗ?

ಕೆಮ್ಮು ಇವತ್ತೂ ಕೇಳಿಸಿತು. ಅಪ್ಪನ ಕೆಮ್ಮು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನಿನಗೆ ನೆನಪಿದೆಯೇ?

ಮಾರುತೇಶ್


ಚಿತ್ರದುರ್ಗ
30 ಅಕ್ಟೋಬರ್ 2025

ಅಕ್ಕ,

ಒಪ್ಪಿದ ಮಾತು ಉಳಿಸಿಕೊಳ್ಳಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಿನ್ನೆ ಅವ್ವನನ್ನು ಕರೆದುಕೊಂಡು ಹೋದೆ. ಬರಗೇರಮ್ಮನವರ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅವ್ವ ಹೆಬ್ಬೆರಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿ, ನೋಡಿ, ಮತ್ತೆ ಒರೆಸುತ್ತಿದ್ದಳು. ಅದನ್ನು ನೋಡುತ್ತಾ ಕೂರಲಾಗದೆ ಕಾಟಯ್ಯ ಮಾವ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಒಂದು ತಮಾಷೆಯೂ ಬೆರೆಸಲಿಲ್ಲ. ಬೆರೆಸಲು ನೋಡಿದೆ, ಸಿಗಲಿಲ್ಲ.

ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳು ಸೆರಗು ಕೆಳಗೆ ಬಿಟ್ಟು, "ಸತ್ತಿದ್ರೆ ಅವ್ನು ಆವತ್ತು ಮೀನು ಬಿಡ್ತಿರ್ಲಿಲ್ಲ" ಎಂದಳು. ಆಮೇಲೆ, "ಅಂಗಾದ್ರೆ ಹಟ್ಟಿತಾವ ಬರ್ತಿದ್ದೋನು ಬ್ಯಾರೆಯೋನು. ಪಾಪ, ಕಂಬಳಿ ಜಾಡು ಹಿಡ್ಕೊಂಡು ಬಂದವನೆ. ಯಾರ ಮನೇದು ಇದು ಅಂತ" ಎಂದಳು. ಹೊಸದಾಗಿ ಬಂದ ನೆರೆಯವರ ಬಗ್ಗೆ ಹೇಳುವಂತೆ ಹೇಳಿದಳು.

ಒಳಗೆ ಕರೆದರು. ಬರಗೇರಮ್ಮನವರು ಹೇಳಿಕೆ ಓದಿ ಹೇಳಿ, ಶಾಯಿಯ ಡಬ್ಬಿ ಮುಂದಿಟ್ಟರು.

ಅವ್ವ ಕೈ ಮಡಚಿಕೊಂಡಳು. "ಇವನು ನಮ್ಮನೆಯೋರಲ್ಲ ಕಣವ್ವ. ಕಂಬಳಿ ಮಾತ್ರ ನಮ್ದು."

ಬರಗೇರಮ್ಮನವರು ನನ್ನ ಕಡೆ ನೋಡಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಮುಖದಿಂದ ಗುರುತು ಸಿಗಲ್ಲ. ಆ ಮುದುಕಪ್ಪನಿಗೂ ನೆನಪು ತಪ್ಪಿರಬಹುದು. ನಿನಗೆ ಕಷ್ಟ ಅಂತ ಹೇಳ್ತಿದೀನಿ, ಇದೊಂದು ಮುಗಿದ್ರೆ ನಿನಗೂ ಒಂದು ನೆಮ್ಮದಿ."

"ಹೆಸರು ಬರೆದ್ಮೇಲೆ ಏನಾಗ್ತದೆ?"

"ಏನಾಗ್ತದೆ, ಮುಗೀತದೆ. ವಾರಸುದಾರರು ಸಿಕ್ರು ಅಂತ ಆಗ್ತದೆ."

"ಆಮ್ಯಾಕೆ ಇವನ್ನ ಕೇಳ್ಕೊಂಡು ಇನ್ಯಾರಾದ್ರೂ ಬಂದ್ರೆ?"

"ಬಂದ್ರೆ… ಇಂಥೋನು ಯಾರೂ ಇಲ್ಲ ಅಂತೀವಿ. ಇದು ಚಿತ್ರಲಿಂಗಪ್ಪ ಅಂತ ಇರ್ತದಲ್ಲ."

ಅವ್ವ ರಿಜಿಸ್ಟರಿನ ಮೇಲೆ ಬಾಗಿದಳು. ಓದಲು ಬಾರದವಳು ಹೇಗೆ ಗುರುತು ಹಿಡಿದಳೋ, ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು. ಮಕ್ಕಳ ಹಣೆ ಬಿಸಿಯಿದೆಯೇ ಎಂದು ನೋಡುವ ಹಾಗೆ.

"ಇವನ ಹೆಂಡ್ತಿನೂ ಎಲ್ಲೋ ಒಂದು ಕಡೆ ಎಲೆ ಹಿಡ್ಕೊಂಡು ನಿಂತಿರ್ತಾಳೆ. ಖಾಲಿ ಬಿಡವ್ವ. ಅವಳು ಬರೋತನಕ ಖಾಲಿ ಬಿಡು."

ಬರಗೇರಮ್ಮನವರು ಹೇಳಿಕೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ನಾನು ಅಲ್ಲೇ ನಿಂತು "ಅರ್ಜಿ ಹಿಂಪಡೆದಿದ್ದೇನೆ" ಎಂದು ಬರೆದು ಸಹಿ ಮಾಡಿದೆ. ಹಾಳೆಯಲ್ಲಿ ಬೇರೆ ಏನೂ ಬರೆಯಲು ಮನಸ್ಸಾಗಲಿಲ್ಲ.

ಹೊರಗೆ ಬಂದೆವು. ಅಮಾವಾಸ್ಯೆಯಿಂದ ಅವ್ವನ ಕೈ ಬರಿದಾಗಿತ್ತು, ನಿನಗೆ ಬರೆದಿರಲಿಲ್ಲ. ಬಸ್ಸಿಗೆ ನಡೆಯುತ್ತಿದ್ದವಳು ರಸ್ತೆ ಬದಿಯ ಬಳೆಯವಳ ಮುಂದೆ ನಿಂತಳು. ನಾನು ಮುಂದೆ ಹೋಗಿ ತಿರುಗಿ ನೋಡಿದರೆ, ಕೂತುಕೊಂಡು ಎರಡೂ ಕೈ ಚಾಚಿದ್ದಾಳೆ. ಹಸಿರು ಬಳೆ. ಬಳೆಯವಳು ಕೈ ಹಿಸುಕಿ ಹಿಸುಕಿ ಒಂದೊಂದಾಗಿ ಏರಿಸುತ್ತಾ ಕೇಳಿದಳು:

"ಏನವ್ವ, ಮನೇಲಿ ಏನಾದ್ರೂ ವಿಶೇಷನಾ?"

"ಏನಿಲ್ಲ ಕಣವ್ವ" ಎಂದಳು ಅವ್ವ. "ನಮ್ಮನೆಯೋರು ಇನ್ನಾ ಬಂದಿಲ್ಲ."

ನಿನ್ನ ತಮ್ಮ,
ಮಾರುತೇಶ್